ಗೊತ್ತಿಲ್ಲದವರೆಲ್ಲ ಶ್ರೀಮಂತರು

ಒಂದೇ ಮನೆಯ ಇಬ್ಬರು ಸೊಸೆಯಂದಿರು ಒಂದೇ ತರಗತಿಯ ಒಂದೇ ಬೆಂಚಿನಲ್ಲಿ ಕೂತು ಓದುವುದೆಂದರೆ ಅದೇನು ಸಾಮಾನ್ಯ ಮಾತೇ? ವಿಭಾಗದವರು ಅದಕ್ಕೆ ‘ವಾರಗಿತ್ತಿಯರ ಬೆಂಚು’ ಎಂದೇ ಹೆಸರಿಟ್ಟಿದ್ದರು. ನೋಡಿದವರೆಲ್ಲ “ಅಬ್ಬಾ, ಎಷ್ಟು ಅನ್ಯೋನ್ಯವಾಗಿದಾರೆ!” ಎನ್ನುತ್ತಿದ್ದರು. ಅನ್ಯೋನ್ಯವಂತೆ! ಆ ಮಾತು ಕಿವಿಗೆ ಬಿದ್ದಾಗಲೆಲ್ಲ ದೊಡ್ಡವಳಿಗೆ ಮೈ ಉರಿಯುತ್ತಿತ್ತು. ಅವರು ಪಕ್ಕಪಕ್ಕ ಕೂರುತ್ತಿದ್ದುದು ಪ್ರೀತಿಗಲ್ಲ. ಒಬ್ಬಳು ಬರೆದುಕೊಳ್ಳುವುದು ಇನ್ನೊಬ್ಬಳ ಕಣ್ಣು ತಪ್ಪಬಾರದು ಎಂದು, ಅಷ್ಟೆ.

ಅವರು ಓದುತ್ತಿದ್ದುದು ಗಣಿತೀಯ ಅರ್ಥಶಾಸ್ತ್ರ ಮತ್ತು ಎಕನಾಮೆಟ್ರಿಕ್ಸ್‌ನ ಸ್ನಾತಕೋತ್ತರ ಪದವಿ. ಜನ ಹೇಗೆ ಗಳಿಸುತ್ತಾರೆ, ಹೇಗೆ ದುಡಿಯುತ್ತಾರೆ ಎಂಬುದನ್ನು ಸಮೀಕರಣದಲ್ಲಿ ಕಟ್ಟುವುದು ಅದರ ಒಂದು ಅರ್ಧ. ಕಟ್ಟಿದ್ದು ನಿಜವೋ ಬೊಗಳೆಯೋ ಎಂದು ಅಂಕಿಅಂಶಕ್ಕೆ ಹಚ್ಚಿ ನೋಡುವುದು ಇನ್ನರ್ಧ. ಮೊದಲ ಅರ್ಧದಲ್ಲಿ ದೊಡ್ಡವಳನ್ನು ಮೀರಿಸುವವರಿರಲಿಲ್ಲ. ತರಕಾರಿ ಹೆಚ್ಚುತ್ತಲೇ ಪ್ರಮೇಯ ಸಾಧಿಸಿ ಮುಗಿಸುತ್ತಿದ್ದಳು. ಚಿಕ್ಕವಳಿಗೆ ಪ್ರಮೇಯವೆಂದರೆ ಕಬ್ಬಿಣದ ಕಡಲೆ. ಆದರೆ ಅವಳು ಕಂಪ್ಯೂಟರಿನ ಮುಂದೆ ಕೂತಳೆಂದರೆ, ಎಂಥ ಕೊಳಕು ದತ್ತಾಂಶವನ್ನಾದರೂ ತೊಳೆದು ಒಣಗಿಸಿ ಮಡಿಸಿಟ್ಟು ಏಳುವಳು.

ಹಾಗಿದ್ದರೆ ಇಬ್ಬರೂ ಕೈ ಜೋಡಿಸಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಶುರುವಿನಲ್ಲಿ ಆಗಿಯೂ ಇತ್ತು. ಮೊದಲ ಸೆಮಿಸ್ಟರಿನಲ್ಲಿ ಚಿಕ್ಕವಳು ಕಣ್ಣಲ್ಲಿ ನೀರು ತುಂಬಿಕೊಂಡು ಬಂದು “ಅಕ್ಕಾ, ಇದೊಂದು ಹೇಳಿಕೊಡಿ” ಎಂದಾಗ ದೊಡ್ಡವಳು ಅಯ್ಯೋ ಪಾಪ ಎಂದು ತಾನು ಮಾಡಿಟ್ಟ ಲೆಕ್ಕವನ್ನೇ ಅವಳ ಕೈಗೆ ಕೊಟ್ಟಳು. ಅವಳು ಅದನ್ನು ಅಕ್ಷರ ಬಿಡದೆ ಇಳಿಸಿಕೊಂಡಳು. ಅಂಕ ಬಂದಾಗ ನೋಡಿದರೆ ಚಿಕ್ಕವಳಿಗೇ ಹೆಚ್ಚು! ಕೇಳಲು ಹೋದರೆ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು “ನಿಮ್ಮದು ಕಾಗೆ ಕಾಲು ಗುಬ್ಬಿ ಕಾಲು ಕಣಮ್ಮ, ಓದೋಕಾಗಲ್ಲ. ಅವರ ಅಕ್ಷರ ನೋಡಿ ಕಲೀರಿ” ಎಂದರು. ಪಕ್ಕದಲ್ಲೇ ನಿಂತಿದ್ದ ಚಿಕ್ಕವಳು “ಅದು ಅಕ್ಕನದೇ ಲೆಕ್ಕ ಸಾರ್” ಎಂದು ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ಅವತ್ತೇ ದೊಡ್ಡವಳ ಎದೆಯಲ್ಲಿ ಹತ್ತಿಕೊಂಡಿದ್ದು, ಆಮೇಲೆ ಆರಲೇ ಇಲ್ಲ.

ಕೊನೆಯ ವರ್ಷ ಮನೆಯಲ್ಲಿ ಮಾವನಿಗೆ ಪಾರ್ಶ್ವವಾಯು ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ಎತ್ತಿ ಕೂರಿಸಬೇಕು, ಉಣಿಸಬೇಕು, ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ಕರೆದೊಯ್ಯಬೇಕು. ಅತ್ತೆ ಒಂದು ದಿನ ಇಬ್ಬರನ್ನೂ ಊಟದ ಮೇಜಿಗೆ ಕರೆದು ಕೂರಿಸಿದರು.

“ಓದು ಮುಗಿಯೋ ತನಕ ಹೇಗೋ ಸಹಿಸ್ಕೋತೀನಿ. ಆಮೇಲೆ ನನ್ನ ಮೊಣಕಾಲಲ್ಲಿ ಆಗಲ್ಲಮ್ಮ. ಒಬ್ಬಳು ಮನೇಲಿರ್ಬೇಕು.”

“ಯಾರು ಅತ್ತೆ?” ಎಂದಳು ಚಿಕ್ಕವಳು, ಸಕ್ಕರೆ ಸುರಿದ ದನಿಯಲ್ಲಿ.

“ಅದೇನೋ ಸಂಶೋಧನೆ ಸೀಟು ಒಂದೇ ಇದೆ ಅಂದ್ರಲ್ಲ? ಸಿಕ್ಕೋಳು ಹೋಗ್ಲಿ. ಸಿಗದೋಳು ಮನೆ ನೋಡ್ಕೊಳ್ಲಿ. ನಾನು ಯಾರ ಕಡೆಗೂ ಇಲ್ಲ.”

ಇಬ್ಬರು ಗಂಡುಮಕ್ಕಳೂ ಫೋನಿನಿಂದ ತಲೆಯೆತ್ತದೆ “ಅಮ್ಮ ಹೇಳೋದು ಸರಿ” ಎಂದರು. ಗಂಡಸರಲ್ಲಿ ಒಬ್ಬ ಮನೆಯಲ್ಲಿರಬಹುದು ಎಂಬುದು ಆ ಮನೆಯ ಯಾವ ಸಮೀಕರಣದಲ್ಲೂ ಬರಲಿಲ್ಲ. ಅದು ಹೊಳೆಯುವಷ್ಟು ಪುರುಸೊತ್ತು ವಾರಗಿತ್ತಿಯರಿಗೂ ಇರಲಿಲ್ಲ. ಅವರು ಆಗಲೇ ಒಬ್ಬರ ಮುಖ ಒಬ್ಬರು ಅಳೆಯುತ್ತಿದ್ದರು.

ಅಲ್ಲಿಂದ ಮನೆಯಲ್ಲಿ ಮಾತು ನಿಂತಿತು. ಉಪ್ಪಿನ ಡಬ್ಬಿ ಬೇಕಾದರೂ ಅತ್ತೆಯ ಮೂಲಕವೇ ಕೇಳಬೇಕು. ಒಬ್ಬಳು ಓದಲು ಕೂತರೆ ಇನ್ನೊಬ್ಬಳು ಮಿಕ್ಸಿ ಹಾಕುವಳು. ಒಬ್ಬಳು ಸ್ನಾನಕ್ಕೆ ಹೋದರೆ ಇನ್ನೊಬ್ಬಳಿಗೆ ಅದೇ ಗಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರ ನೆನಪಾಗುವುದು. ಮನೆಗೆ ಇದ್ದದ್ದೊಂದೇ ಕಂಪ್ಯೂಟರ್, ಅದು ಊಟದ ಮೇಜಿನ ತುದಿಯಲ್ಲಿ ಇಬ್ಬರ ನಡುವೆ ಮೂಕವಾಗಿ ಕೂತಿರುತ್ತಿತ್ತು.

ಪ್ರಬಂಧಕ್ಕೆ ವಿಭಾಗ ಎಲ್ಲರಿಗೂ ಒಂದೇ ಸಮೀಕ್ಷೆ ಕೊಟ್ಟಿತ್ತು. ಸಾವಿರಾರು ಮನೆಗಳ ಆದಾಯ ಎಷ್ಟು, ಯಾರು ಎಷ್ಟು ಹೊತ್ತು ದುಡಿಯುತ್ತಾರೆ, ಅದರಲ್ಲಿ ಸಂಬಳವಿಲ್ಲದ ದುಡಿಮೆ ಎಷ್ಟು. ಅದರ ತುಂಬ ಕಸ, ತಪ್ಪು, ಖಾಲಿ ಬಿಟ್ಟ ಜಾಗ. ದೊಡ್ಡವಳು ಅದರಲ್ಲಿ ಕೈಹಾಕಿ ಕೈಹಾಕಿ ಸೋತಳು. ತಂತ್ರಾಂಶ ಅವಳ ಮಾತು ಕೇಳುತ್ತಿರಲಿಲ್ಲ, ಒಂದು ಚುಕ್ಕಿ ಬಿಟ್ಟುಹೋದರೂ ಕೆಂಪಗೆ ಬೈಯುತ್ತಿತ್ತು. ಚಿಕ್ಕವಳು ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿ ವಾರಗಟ್ಟಲೆ ಕೂತು ಎಲ್ಲವನ್ನೂ ಒಪ್ಪ ಮಾಡಿದಳು.

ಚಿಕ್ಕವಳು ಮಾವನನ್ನು ಆಸ್ಪತ್ರೆಗೆ ಕರೆದೊಯ್ದಿದ್ದ ಒಂದು ಬೆಳಿಗ್ಗೆ ದೊಡ್ಡವಳು ಮೇಜು ಒರೆಸುತ್ತಿದ್ದಳು. ಕಂಪ್ಯೂಟರ್ ತೆರೆದೇ ಇತ್ತು. ಶುದ್ಧ ಮಾಡಿದ ದತ್ತಾಂಶ, ಅದನ್ನು ಶುದ್ಧ ಮಾಡಿದ ಪ್ರೋಗ್ರಾಂ, ಎರಡೂ ಕಣ್ಣೆದುರಿಗೆ. ಒರೆಸುವ ಬಟ್ಟೆ ಪಕ್ಕಕ್ಕಿಟ್ಟು ಅಡುಗೆಮನೆ ಕಡೆ ನೋಡಿದಳು. ಅತ್ತೆ ಕುಕ್ಕರ್ ತೊಳೆಯುತ್ತಿದ್ದರು. ‘ಕದಿಯೋದೇನು ಬಂತು, ಅವತ್ತು ನನ್ನದು ತಗೊಂಡಳಲ್ಲ, ಇವತ್ತು ಮುಯ್ಯಿಗೆ ಮುಯ್ಯಿ’ ಎಂದುಕೊಂಡು ಎರಡನ್ನೂ ತನ್ನ ಪೆನ್‌ಡ್ರೈವಿಗೆ ಇಳಿಸಿಕೊಂಡಳು. ಏನೂ ಆಗದವಳಂತೆ ಬಟ್ಟೆ ಎತ್ತಿಕೊಂಡು ಉಳಿದ ಮೇಜನ್ನೂ ಒರೆಸಿದಳು. ಅದೇ ಅವಳಿಗೆ ಆಶ್ಚರ್ಯವಾಯಿತು.

ತನ್ನ ಸಮೀಕರಣಗಳ ಮಾದರಿಯನ್ನು ಆ ದತ್ತಾಂಶದ ಮೇಲೆ ಓಡಿಸಿದರೆ ಬಂದ ಫಲಿತಾಂಶ ಇನ್ನೂ ಆಶ್ಚರ್ಯ. ಶ್ರೀಮಂತರ ಮನೆಯ ಹೆಂಗಸರೇ ಬಡವರ ಮನೆಯವರಿಗಿಂತ ಹೆಚ್ಚು ಹೊತ್ತು ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆ! ಕೆಲಸದವರನ್ನಿಟ್ಟುಕೊಳ್ಳುವ ಶಕ್ತಿಯಿದ್ದವರು ತಾವೇ ಪಾತ್ರೆ ತಿಕ್ಕುತ್ತಾರಂತೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲೆಲ್ಲೋ ಎಡವಟ್ಟಾಗಿದೆ ಎಂದು ಹಿಂದಕ್ಕೆ ಹೋಗಿ ನೋಡುತ್ತಿದ್ದರು. ದೊಡ್ಡವಳು ನೋಡಲಿಲ್ಲ. ಗಣಿತ ಚೆನ್ನಾಗಿ ಬಲ್ಲವರಿಗೆ ಅಂಟುವ ರೋಗ ಇದು. ಅಂಕಿ ಏನೇ ಒದರಿದರೂ ಅದಕ್ಕೊಂದು ಕಾರಣ ಹೊಸೆದು ಕೊಡಬಲ್ಲರು. ಅವಳೂ ಹೊಸೆದಳು. ಶ್ರೀಮಂತಿಕೆ ಹೆಚ್ಚಿದಂತೆ ಮನೆಯ ಅಚ್ಚುಕಟ್ಟಿನ ಹಂಬಲ ಹೆಚ್ಚುತ್ತದೆ, ಆ ಅಚ್ಚುಕಟ್ಟನ್ನು ಕೊಳ್ಳಲಾಗುವುದಿಲ್ಲ, ಮಾಡಿಯೇ ತೀರಬೇಕು ಎಂದು ಹಿಡಿದು ಎರಡು ಪುಟದ ಪ್ರಮೇಯ ಸಾಧಿಸಿದಳು. ಎಷ್ಟು ಚೆಂದದ ಪ್ರಮೇಯವೆಂದರೆ ಬರೆದು ಮುಗಿಸಿ ತಾನೇ ಒಂದು ಸಲ ಓದಿಕೊಂಡು ನಕ್ಕಳು. ಈ ಸಲ ಅಕ್ಷರದ ತಂಟೆಯೇ ಬೇಡವೆಂದು ಕಂಪ್ಯೂಟರಿನಲ್ಲೇ ಟೈಪು ಮಾಡಿದ್ದಳು. ಮೇಷ್ಟ್ರಂತೂ ಕುರ್ಚಿಯಿಂದ ಎದ್ದೇಬಿಟ್ಟರು. “ಇದು ಪ್ರಬಂಧ ಅಂದ್ರೆ! ಸೀಟು ನಿಮ್ಮದೇ ಅಂದ್ಕೊಳಿ.”

ಮೌಖಿಕ ಪರೀಕ್ಷೆಯ ದಿನ ಯಾರು ಮೊದಲು ಎಂದು ಕೇಳಿದಾಗ ದೊಡ್ಡವಳೇ ಎದ್ದು “ನಾನು. ಮನೇಲೂ ದೊಡ್ಡವಳು ನಾನೇ” ಎಂದಳು. ಜನ ನಕ್ಕರು. ಚಿಕ್ಕವಳು ಎಲ್ಲರಿಗಿಂತ ಜೋರಾಗಿ ನಕ್ಕಳು.

ಹೊರಗಿನಿಂದ ಬಂದಿದ್ದ ಪರೀಕ್ಷಕಿ ಸಣ್ಣ ಮೈಯ, ಬೆಳ್ಳಿ ಕೂದಲ ಹೆಂಗಸು. ಪ್ರಮೇಯ ಮುಗಿಯುವ ತನಕ ತಲೆದೂಗುತ್ತಲೇ ಇದ್ದರು. ಕೊನೆಗೆ ಪೆನ್ನಿನ ತುದಿಯಿಂದ ಒಂದು ಕೋಷ್ಟಕ ತೋರಿಸಿದರು.

“ಗಣಿತ ಸೊಗಸಾಗಿದೆ. ಆದ್ರೆ ನಿಮ್ಮ ಪ್ರಕಾರ ಮೂರು ಮನೆಗೆ ಒಂದು ಶ್ರೀಮಂತರ ಮನೆ. ಯಾವ ಲೋಕದಲ್ಲಿದೆ ಅಮ್ಮ ಇದು? ನನಗೂ ವಿಳಾಸ ಕೊಡಿ.”

ಕೋಣೆಯಲ್ಲಿ ಕಿಸಕ್ಕೆಂದು ನಗು ಎದ್ದಿತು. ದೊಡ್ಡವಳು ಕೋಷ್ಟಕದ ಮೇಲೆ ಬೆರಳಿಟ್ಟಳು.

“ಆದಾಯ ಇಷ್ಟಕ್ಕಿಂತ ಹೆಚ್ಚು ಇದ್ದೋರನ್ನ ಶ್ರೀಮಂತರು ಅಂತ ತಗೊಂಡಿದೀನಿ ಮೇಡಂ.”

“ಆದಾಯದ ಜಾಗ ಖಾಲಿ ಬಿಟ್ಟೋರನ್ನ?”

“ಅವರನ್ನ... ಬಿಟ್ಟಿದೀನಿ.”

“ನೀವು ಬಿಟ್ಟಿಲ್ಲ.” ಪರೀಕ್ಷಕಿ ಪ್ರೋಗ್ರಾಂ ಅಚ್ಚಾಗಿದ್ದ ಅನುಬಂಧದ ಪುಟ ತಿರುಗಿಸಿದರು. “ಖಾಲಿ ಜಾಗಾನ ಈ ತಂತ್ರಾಂಶ ಏನಂತ ಹಿಡಿಯುತ್ತೆ ಗೊತ್ತಾ? ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಅಂತ. ‘ಇಷ್ಟಕ್ಕಿಂತ ಹೆಚ್ಚು’ ಅಂತ ಕೇಳಿದ್ರೆ ಉತ್ತರ ಕೊಡದೋರನ್ನೆಲ್ಲ ಎತ್ತಿ ಶ್ರೀಮಂತರ ಪಕ್ಕ ಕೂರಿಸುತ್ತೆ. ಖಾಲಿ ಇದ್ದೋರನ್ನ ಬಿಡು ಅಂತ ಬಾಯಿಬಿಟ್ಟು ಹೇಳ್ಬೇಕು. ಇಲ್ಲಿ ಹೇಳಿಲ್ಲ. ಈ ಸಾಲು ಬರೆದೋರು ಯಾರು? ನೀವೇನಾ?”

ಅಲ್ಲ ಎಂದರೆ ಕಳ್ಳಿ. ಹೌದು ಎಂದರೆ ದಡ್ಡಿ. ದೊಡ್ಡವಳು ಹಿಂದಕ್ಕೆ ತಿರುಗಿ ನೋಡಿದಳು. ವಾರಗಿತ್ತಿಯರ ಬೆಂಚಿನಲ್ಲಿ ಚಿಕ್ಕವಳು ಒಬ್ಬಳೇ ಕೂತು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು.

“ನಾನೇ” ಎಂದಳು ದೊಡ್ಡವಳು.

“ಹಾಗಿದ್ರೆ ನೀವು ಇಲ್ಲದೇ ಇರೋದಕ್ಕೆ ಪ್ರಮೇಯ ಬರೆದಿದೀರ” ಎಂದು ಪರೀಕ್ಷಕಿ ಪುಸ್ತಕ ಮುಚ್ಚಿದರು. ಮೇಷ್ಟ್ರು ಕಿಟಕಿಯಾಚೆ ಏನೋ ಹುಡುಕುತ್ತಿದ್ದರು.

ಆಮೇಲೆ ಚಿಕ್ಕವಳು ಎದ್ದಳು. ಅವಳ ಕೋಷ್ಟಕದಲ್ಲಿ ಶ್ರೀಮಂತರು ಎಷ್ಟಿರಬೇಕೋ ಅಷ್ಟೇ ಇದ್ದರು. “ಈ ತಪ್ಪು ಯಾರಿಗಾದ್ರೂ ಆಗಬಹುದು, ನಮ್ಮಕ್ಕನ್ನ ಬೈಬೇಡಿ ಮೇಡಂ” ಎಂದು ಶುರುಮಾಡಿದಳು. ದೊಡ್ಡವಳಿಗೆ ಎದ್ದುಹೋಗಿ ಅವಳ ಕೆನ್ನೆಗೆ ಬಾರಿಸಬೇಕು ಎನಿಸಿತು. ಆದಾಯದ ಜಾಗ ಯಾಕೆ ಖಾಲಿ ಎಂಬುದನ್ನೇ ಚಿಕ್ಕವಳು ತನ್ನ ಪ್ರಬಂಧದ ಕೊನೆಯ ಅಧ್ಯಾಯ ಮಾಡಿಕೊಂಡಿದ್ದಳು. ಸಮೀಕ್ಷೆಯವರು ಹಗಲು ಹೊತ್ತು ಹೋಗುತ್ತಾರೆ. ಬಾಗಿಲು ತೆಗೆಯುವವಳು ಮನೆಯಲ್ಲೇ ದುಡಿಯುವ ಹೆಂಗಸು. ಮನೆಗೆಷ್ಟು ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಅವಳು ಗೊತ್ತಿಲ್ಲ ಎನ್ನುತ್ತಾಳೆ, ಜಾಗ ಖಾಲಿ ಉಳಿಯುತ್ತದೆ. ದೊಡ್ಡವಳ ಲೆಕ್ಕದಲ್ಲಿ ಪಾತ್ರೆ ತಿಕ್ಕುತ್ತಿದ್ದ ‘ಶ್ರೀಮಂತರು’ ಇವರೇ.

“ಭೇಷ್!” ಎಂದರು ಪರೀಕ್ಷಕಿ.

ಹೊರಗಿನ ಓಣಿಯಲ್ಲಿ, ನೀರಿನ ಯಂತ್ರದ ಹತ್ತಿರ, ದೊಡ್ಡವಳು ಅವಳನ್ನು ಅಡ್ಡಗಟ್ಟಿದಳು. ತಿಂಗಳುಗಳ ನಂತರ ನೇರವಾಗಿ ಆಡಿದ ಮೊದಲ ಮಾತು ಅದು.

“ಬೇಕೂಂತಲೇ ಆ ತಪ್ಪು ಇಟ್ಟಿದ್ದೆ, ಅಲ್ವೇನೇ?”

“ಅಯ್ಯೋ, ಇಲ್ಲ ಅಕ್ಕ. ನಿಮ್ಮಾಣೆ, ನಾನೂ ಅದನ್ನ ನೋಡಿರ್ಲಿಲ್ಲ. ಹೋದ ತಿಂಗಳು ನಿಮ್ಮ ಪ್ರಬಂಧ ಕಂಪ್ಯೂಟರಲ್ಲಿತ್ತಲ್ಲ, ಓದಿದೆ. ಶ್ರೀಮಂತರು ಪಾತ್ರೆ ತಿಕ್ಕುತ್ತಾರೆ ಅಂತ ನೀವು ಅಷ್ಟು ಚೆನ್ನಾಗಿ ಸಾಧಿಸಿದ್ರಿ ನೋಡಿ, ಆಗ ನನಗೆ ಅನುಮಾನ ಬಂತು.”

“ಹಾಗಾದ್ರೆ ನನಗೆ ಹೇಳ್ಬಹುದಿತ್ತು!”

“ಹೇಗೆ ಹೇಳ್ಲಿ?” ಚಿಕ್ಕವಳು ಲೋಟ ತುಂಬಿಸಿ ನಿಧಾನಕ್ಕೆ ಕುಡಿದಳು. “ಆ ಸಾಲು ನಂದು ಅಂತ ನಾನು ಹೇಳ್ಬೇಕಾಗ್ತಿತ್ತು. ಅದು ನಿಮ್ಮ ಹತ್ರ ಹೇಗೆ ಬಂತು ಅಂತ ನೀವು ಹೇಳ್ಬೇಕಾಗ್ತಿತ್ತು. ಮನೆ ಮರ್ಯಾದೆ ಅಂತ ಸುಮ್ನಿದ್ದೆ.”

ಮೊದಲ ಸೆಮಿಸ್ಟರಿನ ಅಂಕದ ಮಾತು ದೊಡ್ಡವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಕಳ್ಳತನ ಎಂದರೆ ತನ್ನದೂ ಕಳ್ಳತನವೆಂದು ತಾನೇ ಒಪ್ಪಿದಂತೆ. ನುಂಗಿಕೊಂಡಳು.

ಸೀಟು ಚಿಕ್ಕವಳಿಗಾಯಿತು. ಪದವಿ ಇಬ್ಬರಿಗೂ ಬಂತು. ಚಿಕ್ಕವಳದು ಹಾಲ್‌ನ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿತು. ದೊಡ್ಡವಳು ತನ್ನದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ತುರುಕಿದಳು. ಬೆಳಿಗ್ಗೆ ಚಿಕ್ಕವಳು ಚಪ್ಪಲಿ ಮೆಟ್ಟಿಕೊಂಡು “ಬರ್ತೀನಿ ಅಕ್ಕ, ಮಾವನ ಮಾತ್ರೆ ಮರೀಬೇಡಿ” ಎಂದು ಹೇಳಿ ಹೋಗುವಳು. ಮಾತು ಮತ್ತೆ ಶುರುವಾಗಿದೆ ಎಂದು ಅತ್ತೆಗೆ ಖುಷಿಯೋ ಖುಷಿ. ದೊಡ್ಡವಳು ಹಲ್ಲು ಕಚ್ಚಿಕೊಂಡು ಮಾವನ ಎಡಗೈ ಎತ್ತಿ ಇಳಿಸಿ, ಎತ್ತಿ ಇಳಿಸಿ ಮಾಡುವಳು.

ಒಂದು ದಿನ ಹಗಲು ಬಾಗಿಲ ಗಂಟೆಯ ಸದ್ದಾಯಿತು. ನಡುವಯಸ್ಸಿನ ಹೆಂಗಸು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್. ಅದೇ ಸಮೀಕ್ಷೆಯ ಮುಂದಿನ ಸುತ್ತು. ದೊಡ್ಡವಳಿಗೆ ಒಳಗೊಳಗೇ ನಗು ಬಂತು. ಈ ಸುತ್ತಿನ ದತ್ತಾಂಶ ತೊಳೆಯುವವಳು ಚಿಕ್ಕವಳೇ ಎಂದು ಅವಳಿಗೆ ಗೊತ್ತಿತ್ತು. ಊಟಕ್ಕೆ ಕೂತಾಗಲೆಲ್ಲ ಅದನ್ನೇ ಕೊಚ್ಚಿಕೊಳ್ಳುತ್ತಿದ್ದಳಲ್ಲ! ಬಾ ತಾಯಿ, ಸರಿಯಾದವಳ ಮನೆಗೇ ಬಂದೆ. ಬಾಯಿಗೆ ಬಂದ ಸುಳ್ಳೆಲ್ಲ ಹೇಳಿ ಅವಳ ಲೆಕ್ಕ ಕುಲಗೆಡಿಸದಿದ್ದರೆ ನಾನು ದೊಡ್ಡವಳೇ ಅಲ್ಲ ಎಂದುಕೊಂಡು ಕುರ್ಚಿ ಎಳೆದು ಹಾಕಿದಳು.

“ಮನೇಲಿ ದುಡಿಯೋರು?”

“ನನ್ನ ಯಜಮಾನ್ರು, ಮೈದುನ. ಮೈದುನನ ಹೆಂಡತಿಗೆ ಏನೋ ಬರುತ್ತೆ.”

“ನಿಮ್ಮ ಯಜಮಾನ್ರ ಆದಾಯ ಎಷ್ಟು?”

ದೊಡ್ಡವಳು ಒಂದು ದೊಡ್ಡ ಸುಳ್ಳಂಕಿ ಹುಡುಕಿದಳು. ಸುಳ್ಳು ಹೇಳಬೇಕಾದರೆ ನಿಜ ಎಷ್ಟೆಂದಾದರೂ ತಿಳಿದಿರಬೇಕು. ಆಗ ಹೊಳೆಯಿತು. ಮದುವೆಯಾದಂದಿನಿಂದ ಆ ಮಾತನ್ನು ಅವನು ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ. ಜಗತ್ತಿನ ಮನೆಗಳ ಆದಾಯವನ್ನೆಲ್ಲ ಸಮೀಕರಣದಲ್ಲಿ ಕಟ್ಟಿದವಳು ಅವಳು.

“ಅಂದಾಜಿನ ಮೇಲಾದ್ರೂ ಹೇಳಿ ಅಮ್ಮ. ಇಲ್ಲಾಂದ್ರೆ ಖಾಲಿ ಬಿಡ್ಲಾ?”

ಒಳಗಿನಿಂದ ಮಾವ ಕೆಮ್ಮಿ, ಬಲಗೈಯಿಂದ ಮಂಚದ ಕಂಬಿ ಬಡಿದರು.

“ಗೊತ್ತಿಲ್ಲ” ಎಂದಳು ದೊಡ್ಡವಳು. “ಖಾಲಿ ಬಿಡಿ.”