ಗಾಳಿಗೆ ಕೂತವರು

ವೀಲ್‌ಚೇರಿನಲ್ಲಿ ಯಾರು ಕೂರುವುದು ಎಂಬ ಮಾತು ಬಂದಾಗ ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಅದರಲ್ಲಿ ಕೂರಲು ಕಾರ್ಕಳದಿಂದ ಬರಬೇಕಾಗಿದ್ದ, ಕಾಲಿಗೆ ಸ್ವಾಧೀನವಿಲ್ಲದ ಆಲ್ವಿನ್‌ಗೆ ಬೆಳಿಗ್ಗೆಯಿಂದ ಜ್ವರವಂತೆ, ಬರಲಾಗುವುದಿಲ್ಲವೆಂದು ಈಗಷ್ಟೇ ಫೋನು ಬಂದಿತ್ತು. ಫುಟ್‌ಪಾತಿನ ಬುಡದಲ್ಲಿ ಖಾಲಿ ಖುರ್ಚಿ ಇಳಿಬಿಸಿಲಿಗೆ ಮುಖಮಾಡಿ ನಿಂತಿತ್ತು.

“ಹಾಗಾದರೆ ಇನ್ನೊಂದು ದಿನ ಇಟ್ಟುಕೊಳ್ಳುವ,” ಎಂದರು ರಸ್ತೆ ಮಾಡಿದ ಇಲಾಖೆಯ ಪರ ವಕೀಲರು.

“ಇನ್ನೊಂದು ದಿನ ಎಲ್ಲಿ ಉಂಟು ಸರ್? ಸೋಮವಾರ ಕೋರ್ಟಿಗೆ ವರದಿ ಹೋಗಬೇಕು,” ಎಂದಳು ಪ್ಯಾಟ್ರಿಶಿಯಾ. ಕಲ್ಯಾಣಪುರದ ಈ ಎಳೆ ವಯಸ್ಸಿನ ವಕೀಲೆ ಕರುಣಾಕರನ ದಾವೆಯನ್ನು ಮೊದಲಿನಿಂದಲೂ ನಡೆಸಿಕೊಂಡು ಬಂದವಳು.

“ನಾನು ಕೂತುಕೊಳ್ಳುತ್ತೇನೆ.”

ಎಲ್ಲರೂ ತಿರುಗಿ ನೋಡಿದರು. ಹೇಳಿದ್ದು ನಳಿನಾಕ್ಷಿ, ಕರುಣಾಕರನ ಹೆಂಡತಿ. ಅವನು ತೀರಿಹೋಗಿ ಆಗಲೇ ಒಂದು ಮಳೆಗಾಲ ಕಳೆದಿತ್ತು. ಅವಳು ಬಂದದ್ದು ಅವನ ಖುರ್ಚಿ ತಂದುಕೊಡಲಿಕ್ಕೆ ಮಾತ್ರ. ಯಾಕೆ ಹಾಗೆ ಅಂದೆನೆಂದು ಅವಳಿಗೇ ಗೊತ್ತಾಗಲಿಲ್ಲ.

“ಅವರು ನಡೆಯುವವರಲ್ವಾ? ಕಷ್ಟ ಆದ ಕಡೆ ಎದ್ದು ನಿಂತರೆ ಮುಗಿಯಿತು. ಅದು ಎಂತ ಪರಿಶೀಲನೆ?” ಎಂದು ಇಲಾಖೆಯ ವಕೀಲರು ನಕ್ಕರು.

ಸ್ಥಳ ನೋಡಿ ವರದಿ ಕೊಡಲು ಕೋರ್ಟು ನೇಮಿಸಿದ ಕಮಿಷನರ್ ಯಶ್ವಂತ್ ಅವಳ ಕಡೆ ತಿರುಗಿದರು. “ಕಾಲು ನೆಲಕ್ಕೆ ತಾಗಿಸಲಿಕ್ಕಿಲ್ಲ. ಯಾರೂ ತಳ್ಳಲಿಕ್ಕೂ ಇಲ್ಲ. ಆಗ್ತದಾ ಅಮ್ಮ?”

“ಆಗ್ತದೆ,” ಎಂದಳು ನಳಿನಾಕ್ಷಿ.

ಕರುಣಾಕರ ಮಸ್ಕತ್ತಿನಲ್ಲಿ ಕಟ್ಟಡದ ಮೇಲಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಊರಿಗೆ ಬಂದವನು. ಉಡುಪಿಯ ಈ ಅಗಲ ಮಾಡಿದ ರಸ್ತೆಯ ಬದಿಯಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದ. ಅಂಗಡಿಯಿಂದ ಮನೆಯ ಓಣಿಗೆ ಇದೊಂದೇ ದಾರಿ. ರಸ್ತೆಗಿಳಿದರೆ ಎಕ್ಸ್‌ಪ್ರೆಸ್ ಬಸ್ಸುಗಳು ಮೈ ಸವರಿಕೊಂಡೇ ಹೋಗುತ್ತಿದ್ದವು. ಅದಕ್ಕೇ ನಳಿನಾಕ್ಷಿ, ಎಂತ ಆದರೂ ರಸ್ತೆಯಲ್ಲಿ ಬರಬಾರದು ಎಂದು ಅವನಿಂದ ಮಾತು ತೆಗೆದುಕೊಂಡಿದ್ದಳು. ಹೊಸ ಫುಟ್‌ಪಾತ್ ವೀಲ್‌ಚೇರಿಗೆ ಆಗುವಂಥದ್ದಲ್ಲ, ಕಾನೂನಿನಲ್ಲಿ ಇರುವ ಹಾಗೆ ಮಾಡಿಕೊಡಬೇಕು ಎಂದು ಅವನು ದಾವೆ ಹೂಡಿದಾಗ ಅವಳಿಗೆ ಅದು ಗಂಡಸರ ಹಟವೆನಿಸಿತ್ತು. ದಿನಾ ಅದೇ ಫುಟ್‌ಪಾತಿನಲ್ಲಿ ಪೇಟೆಗೆ ಹೋಗಿಬರುವವಳು ಅವಳು. ಅಷ್ಟು ಚಂದ ಕಲ್ಲು ಹಾಸಿದ್ದಾರೆ, ಇನ್ನೆಂತ ಬೇಕು? ಕೊನೆಯಲ್ಲಿ ಸ್ವಲ್ಪ ಎತ್ತರ, ಯಾರಾದರೂ ಇಳಿಸುತ್ತಾರೆ ಎಂದು ಅವನೇ ಹೇಳಿದ್ದ. ತಡವಾಗಿ ಬಂದ ದಿನ ಕೇಳಿದರೆ, ಗಾಳಿಗೆ ಕೂತಿದ್ದೆ ಎನ್ನುತ್ತಿದ್ದ.

ಮಳೆಗಾಲದ ಆಟಿ ತಿಂಗಳ ಒಂದು ಸಂಜೆ ಅವನು ಮಳೆಯಲ್ಲಿ, ಇದೇ ರಸ್ತೆಯಲ್ಲಿ, ಖುರ್ಚಿ ಸಮೇತ ಬಿದ್ದಿದ್ದ. ಹಿಂದಿನಿಂದ ಬಂದ ಟಿಪ್ಪರಿನವನಿಗೆ ಕಾಣಲಿಲ್ಲ. ಫುಟ್‌ಪಾತ್ ಇದ್ದೂ ರಸ್ತೆಯಲ್ಲಿ ಹೋದದ್ದು ಅವನದೇ ತಪ್ಪೆಂದು ಇಲಾಖೆ ಕೋರ್ಟಿಗೆ ಉತ್ತರ ಕೊಟ್ಟಿತು. ವಾದಿಯೇ ಇಲ್ಲದ ಮೇಲೆ ದಾವೆಯೂ ಮುಗಿಯಿತು ಎಂದಿತು. ಎರಡನೆಯ ಮಾತು ನಳಿನಾಕ್ಷಿಗೆ ಅರ್ಥವಾಗಲಿಲ್ಲ. ಮೊದಲನೆಯದನ್ನು ಅವಳು ನಂಬಿದ್ದಳು. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಬಂದವರನ್ನು ಮಾತಾಡಿಸುವಾಗಲೂ, ಕೊಟ್ಟ ಮಾತು ಮುರಿದು ಹೋದನಲ್ಲ ಎಂಬ ಸಿಟ್ಟು ಅವಳೊಳಗೆ ಹಾಗೇ ಇತ್ತು.

ಖುರ್ಚಿಯಲ್ಲಿ ಕೂತೊಡನೆ ಅದು ಅವಳನ್ನು ಎಡಕ್ಕೆ ವಾಲಿಸಿತು. ಕರುಣಾಕರ ಎಡಕ್ಕೆ ಒರಗಿ ಕೂರುತ್ತಿದ್ದ, ಸೀಟಿನ ಬಟ್ಟೆ ಅವನ ಮೈಯ ಹಾಗೆಯೇ ತಗ್ಗಿಹೋಗಿತ್ತು. ನೇರ ಕೂರಲು ನೋಡಿದಳು, ಆಗಲಿಲ್ಲ. ಚಕ್ರದ ಬಳೆಗೆ ಕೈ ಹಾಕಿದರೆ ಬಣ್ಣ ಹೋಗಿ ನುಣುಪಾದ ಜಾಗವೇ ಅಂಗೈಗೆ ಸಿಕ್ಕಿತು. ಮೊನ್ನೆಯಷ್ಟೇ ಸಿಮೆಂಟು ಬಳಿದ ಇಳಿಜಾರಿನಲ್ಲಿ ಅವಳು ಕಷ್ಟಪಟ್ಟು ಮೇಲೆ ಹತ್ತಿದಳು. ಮುಂದೆ ಖುರ್ಚಿ ಸಲೀಸಾಗಿ ಹೋಯಿತು. ಕಲ್ಲು ಎದ್ದುನಿಂತ ಕಡೆ, ಅವಳು ತಿರುಗಿಸುವ ಮೊದಲೇ, ತುಸು ಬಲಕ್ಕೆ ಸರಿದು ಸಾಗಿತು. ಅಪಘಾತದಲ್ಲಿ ಸೊಟ್ಟಗಾದ ಚಕ್ರವಿರಬೇಕು ಎಂದು ಸಮಾಧಾನ ಮಾಡಿಕೊಂಡಳು.

ದಿನಾ ನಡೆದ ದಾರಿಯಾದರೂ ಅದು ಆ ದಾರಿಯಾಗಿರಲಿಲ್ಲ. ಎದುರಿಗೆ ಬರುವವರಿಗೆ ಮುಖಗಳಿರಲಿಲ್ಲ. ಹೊಟ್ಟೆಗಳು, ಚೀಲಗಳು, ಬೀಸುವ ಕೈಗಳು. ಬಸ್ಸಿನ ಹೊಗೆ ನೇರ ಬಾಯಿಗೇ ಬಡಿಯುತ್ತಿತ್ತು. ಹೊಟ್ಟೆಗಳ ನಡುವೆ ಪರಿಚಯದ ನೀಲಿ ಸೀರೆಯೊಂದು ಬಂತು. ಪಕ್ಕದ ಮನೆಯ ಚಂಪಾ. ಬೆಳಿಗ್ಗೆಯಷ್ಟೇ ಬೇಲಿಯಾಚೆ ನಿಂತು ಮಾತಾಡಿದವಳು.

“ಚಂಪಕ್ಕ,” ಎಂದಳು ನಳಿನಾಕ್ಷಿ.

ಚಂಪಾಳ ಕಣ್ಣು ಖುರ್ಚಿಯ ತನಕ ಇಳಿದು, ಮುಖ ನೋಡದೆಯೇ, ಬಿಸಿ ತಾಗಿದಂತೆ ಮೇಲಕ್ಕೆ ಸರಿಯಿತು. ಅವಳು ಪ್ಯಾಟ್ರಿಶಿಯಾಳನ್ನು ನೋಡಿ, “ಪಾಪ. ಇವರಿಗೆ ಎಂತ ಆದದ್ದು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ದಾಟಿಹೋದಳು.

ಬೇಕರಿಯ ಎದುರು ಖುರ್ಚಿ ನಿಂತಿತು. ಮುಂದೆ ಒಂದು ಕಬ್ಬಿಣದ ಕರೆಂಟಿನ ಪೆಟ್ಟಿಗೆ, ಅದರಾಚೆ ಮನೆಯ ಓಣಿ. ಪೆಟ್ಟಿಗೆಯ ಬದಿಯಲ್ಲಿ ನಡೆಯುವವರು ಮೈ ಓರೆ ಮಾಡಿ ನುಸುಳಬಹುದು, ಖುರ್ಚಿ ಹೋಗದು. ಎಡಕ್ಕೆ ಬೇಕರಿಯ ಗೋಡೆ. ಬಲಕ್ಕೆ ಫುಟ್‌ಪಾತಿನ ಅಂಚು, ಕೆಳಗೆ ರಸ್ತೆ.

ಯಶ್ವಂತ್ ಟೇಪು ಹಿಡಿಸಿ ಅಳೆದರು. “ಮುಂದೆ ಬಸ್‌ಸ್ಟಾಪಿನ ಹತ್ತಿರ ಚಂದದ ರ‍್ಯಾಂಪ್ ಉಂಟು, ಅದನ್ನೂ ನೋಡಿ,” ಎಂದರು ಇಲಾಖೆಯ ವಕೀಲರು. ಎಲ್ಲರೂ ಪೆಟ್ಟಿಗೆಯ ಬದಿಯಿಂದ ನುಸುಳಿ ಆಚೆ ಹೋದರು. ಇಲಾಖೆಯ ವಕೀಲರೊಬ್ಬರನ್ನೇ ಕಮಿಷನರ ಜೊತೆ ಬಿಡುವಂತಿರಲಿಲ್ಲ. “ಈಗ ಬಂದೆ ಅಕ್ಕ,” ಎನ್ನುತ್ತ ಪ್ಯಾಟ್ರಿಶಿಯಾ ಕೂಡ ಹೋದಳು. ನಳಿನಾಕ್ಷಿಯ ಫೋನಿದ್ದ ಚೀಲವೂ ಅವಳ ಹೆಗಲಲ್ಲೇ ಹೋಯಿತು.

ಬಿಸಿಲು ಇಳಿಯಿತು. ಆಚೆ ತಿರುವಿನಲ್ಲಿ ವಕೀಲರ ವಾದ ಕೇಳಿಸುತ್ತಿತ್ತು, ಆಮೇಲೆ ಅದೂ ಕೇಳಿಸಲಿಲ್ಲ. ಜನ ಹೋಗುತ್ತಿದ್ದರು, ಬರುತ್ತಿದ್ದರು. ಯಾರೂ ಅವಳನ್ನು ನೋಡಲಿಲ್ಲ. ಒಬ್ಬಾತ ಫೋನಿನಲ್ಲಿ ಮಾತಾಡುತ್ತ ಖುರ್ಚಿಯ ಹಿಡಿಗೆ ಕೈಯೂರಿ ನಿಂತು, ಮಾತು ಮುಗಿಸಿ ಹೋದ.

ಬೀದಿದೀಪ ಹೊತ್ತಿಕೊಳ್ಳುವಾಗ ಹಿಂದಿನಿಂದ ಒಂದು ಸ್ಕೂಟರು ಬಂತು. ಪಕ್ಕದಲ್ಲಿ ಹಾದುಹೋಗುತ್ತ ಸವಾರ ತಲೆಯೆತ್ತದೆ, ದಿನದ ರೂಢಿಯ ದನಿಯಲ್ಲಿ ಕೇಳಿದ:

“ಎಂತ ಕರುಣಾಕರಣ್ಣ, ಗಾಳಿಗೆ ಕೂತದ್ದಾ?”

“ಹ್ಞೂಂ,” ಎಂದಳು ನಳಿನಾಕ್ಷಿ.

ಹೇಳಿದ ಮೇಲೆಯೇ ಅವಳಿಗೆ ತಾನು ಹೇಳಿದೆನೆಂದು ತಿಳಿದದ್ದು. ಸ್ವಲ್ಪ ಮುಂದೆ ಸ್ಕೂಟರಿನ ಕೆಂಪು ದೀಪ ಹೊತ್ತಿತು. ಸವಾರ ಒಂದು ಕಾಲು ನೆಲಕ್ಕೂರಿ ನಿಂತ. ತಿರುಗಿ ನೋಡಲಿಲ್ಲ. ಅವನ ಬೆನ್ನು ಮಾತ್ರ ಬಿಗಿದುಕೊಂಡದ್ದು ಕಂಡಿತು. ಆಮೇಲೆ ಅವನು ಒಮ್ಮೆಲೇ ಹೊರಟುಹೋದ.

ಇಲ್ಲಿಂದ ಹೋಗಬೇಕು ಎನಿಸಿತು ಅವಳಿಗೆ. ಎದ್ದು ನಡೆದರೆ ಆಯಿತು, ಆದರೆ ಕಾಲು ಅವಳದ್ದಾಗಿ ಉಳಿದಿರಲಿಲ್ಲ. ಜೋಮು ಹಿಡಿದು ಮೊಣಕಾಲಿನ ಕೆಳಗೆ ಏನೂ ಇರುವಂತೆಯೇ ಅನಿಸುತ್ತಿರಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗೋಣವೆಂದು ಖುರ್ಚಿಯನ್ನು ತಿರುಗಿಸಿದಳು. ಅರ್ಧ ತಿರುಗಿತು. ಹಿಂಭಾಗ ಗೋಡೆಗೆ ತಾಗಿತು. ಇನ್ನೂ ಸ್ವಲ್ಪ ಒತ್ತಿದಳು. ಮುಂದಿನ ಸಣ್ಣ ಚಕ್ರ ಅಂಚು ದಾಟಿ ಖಾಲಿಗೆ ಇಳಿಯಿತು.

ಖುರ್ಚಿ ರಸ್ತೆಯ ಕಡೆ ವಾಲಿತು. ಮುಖದ ಹತ್ತಿರವೇ ಬಸ್ಸೊಂದು ಬಿಸಿ ಗಾಳಿ ಊದಿಕೊಂಡು ಹೋಯಿತು. ಅವಳು ಕಬ್ಬಿಣದ ಪೆಟ್ಟಿಗೆಯ ಮೂಲೆಯನ್ನು ಹಿಡಿದುಕೊಂಡಳು, ಬಿಡಲಿಲ್ಲ. ಚಕ್ರ ಖಾಲಿಯಲ್ಲಿ ಸುಮ್ಮನೆ ತಿರುಗುತ್ತಿತ್ತು. ರಸ್ತೆಯಲ್ಲಿ ಹೋದದ್ದಲ್ಲ. ಅವನು ಇಲ್ಲಿಂದ ಬಿದ್ದದ್ದು.

ಯಾರೋ ಹಿಂದಿನಿಂದ ಖುರ್ಚಿಯನ್ನು ಎಳೆದು ಸರಿಪಡಿಸಿದರು. ಬೇಕರಿಯ ಓಸ್ವಾಲ್ಡ್, ಊರವರು ಪೊರ್ಬುಗಳೆಂದು ಕರೆಯುವವನು. ಅವಳ ಮುಖ ನೋಡಿ, ಹಿಡಿದ ಕೈಯನ್ನು ಚಕ್ಕನೆ ಬಿಟ್ಟ. “ನಳಿನಾಕ್ಷಿಯಕ್ಕ. ನೀವಾ. ನಾನು ಒಳಗಿಂದ ನೋಡುವಾಗ…” ಎಂದ.

“ಇವರು ದಿನಾ ಇಲ್ಲಿ ಕೂರ್ತಿದ್ದರಾ, ಪೊರ್ಬುಗಳೇ?”

“ದಿನಾ. ಕತ್ತಲಾಗುವ ತನಕ. ನನಗೆ ಪುರ್ಸೊತ್ತಾದಾಗ, ಬೇರೆ ಇಬ್ಬರು ಜೊತೆಗೆ ಸಿಕ್ಕಿದರೆ, ಹಿಡಿದು ಕೆಳಗೆ ಇಳಿಸ್ತಿದ್ದೆವು. ಕರೆದವರಲ್ಲ ಅವರು. ಗಾಳಿಗೆ ಕೂತದ್ದು ಅಂತ ನಾವೆಲ್ಲ ಗ್ರಹಿಸಿದ್ದು.”

“ಆ ದಿನ?”

ಓಸ್ವಾಲ್ಡ್ ಕೈಯಲ್ಲಿದ್ದ ಬಟ್ಟೆಯಿಂದ ಪೆಟ್ಟಿಗೆಯ ಧೂಳನ್ನು ಒರೆಸತೊಡಗಿದ. “ಆ ದಿನ ಜೋರು ಮಳೆ. ಅಂಗಡಿಯಲ್ಲಿ ಜನ ಇದ್ದರು. ಗಾಜಿನಿಂದ ಕಾಣ್ತಿದ್ದರು, ಕೊಡೆ ಹಿಡಿದು ಕೂತಿದ್ದರು. ಕೊಡೆ ಉಂಟಲ್ಲ ಅಂದುಕೊಂಡೆ. ಆಮೇಲೆ ನೋಡುವಾಗ ಇರಲಿಲ್ಲ. ಯಾರೋ ಇಳಿಸಿದರೇನೋ ಅಂದುಕೊಂಡೆ, ಅಕ್ಕ.”

ನಳಿನಾಕ್ಷಿ ಸಿಟ್ಟು ಇದ್ದ ಜಾಗವನ್ನು ಒಳಗೆ ತಡಕಿ ನೋಡಿದಳು. ಅಲ್ಲಿ ಕೊಡೆ ಹಿಡಿದು ಕೂತ ಅವನು ಮಾತ್ರ ಇದ್ದ.

“ಇದನ್ನು ಕೋರ್ಟಿನಲ್ಲಿ ಹೇಳ್ತೀರಾ?”

ಅವನು ಬಟ್ಟೆಯನ್ನು ಮಡಚಿದ. ಬಿಡಿಸಿದ. “ಹೇಳಬೇಕಲ್ಲ,” ಎಂದ.

ಪರಿಶೀಲನೆಗೆ ಹೋದವರು ಮರಳುವಾಗ ಪೂರ್ತಿ ಮಬ್ಬಾಗಿತ್ತು. “ತುಂಬ ಹೊತ್ತಾಯಿತು, ಅಕ್ಕ,” ಎಂದು ಪ್ಯಾಟ್ರಿಶಿಯಾ ಓಡಿ ಬಂದಳು. “ಮುಗಿಯಿತಲ್ಲ, ಏಳಿ ಅಮ್ಮ,” ಎಂದರು ಇಲಾಖೆಯ ವಕೀಲರು.

“ಏಳಲಿಕ್ಕೆ ಆಗುವುದಿಲ್ಲ,” ಎಂದಳು ನಳಿನಾಕ್ಷಿ. “ಇಳಿಸಿ.”

ಅವರು ಕಮಿಷನರ ಮುಖ ನೋಡಿದರು. ಯಶ್ವಂತ್ ಬ್ಯಾಗನ್ನು ಪೆಟ್ಟಿಗೆಯ ಮೇಲಿಟ್ಟು ಬಗ್ಗಿ ಒಂದು ಬದಿ ಹಿಡಿದರು. ಓಸ್ವಾಲ್ಡ್ ಇನ್ನೊಂದು ಬದಿ ಹಿಡಿದ. ಸಾಲಲಿಲ್ಲ. ಇಲಾಖೆಯ ವಕೀಲರೂ ಕೋಟಿನ ತೋಳು ಮೇಲೆಳೆದು ಬರಬೇಕಾಯಿತು. ಪ್ಯಾಟ್ರಿಶಿಯಾ ರಸ್ತೆಯ ನಡುವೆ ಕೈ ಚಾಚಿ ವಾಹನ ತಡೆದಳು. ಖುರ್ಚಿ ಅವರ ಕೈಗಳಲ್ಲಿ ಅಲುಗಾಡುತ್ತ ಇಳಿಯುವಾಗ ನಿಂತ ಬಸ್ಸಿನ ಕಿಟಕಿಗಳಲ್ಲಿ ಮುಖಗಳು ಒಂದೊಂದಾಗಿ ಈಚೆಗೆ ತಿರುಗಿದವು. ಅದನ್ನೂ ಯಶ್ವಂತ್ ವರದಿಯಲ್ಲಿ ಬರೆದರು: ಖುರ್ಚಿ ಮುಂದೆ ಹೋಗದು, ತಿರುಗದು, ಇಳಿಸಲು ಮೂವರು ಬೇಕಾದರು.

ವರದಿ ಸೇರಿದ ಮೇಲೆ, ದಾವೆಯನ್ನು ನಳಿನಾಕ್ಷಿ ಮುಂದುವರಿಸಬಹುದೆಂದು ಕೋರ್ಟು ಹೇಳಿತು. ಪೆಟ್ಟಿಗೆಯನ್ನು ತೆಗೆದು ಕೊನೆಯಲ್ಲಿ ಇಳಿಜಾರು ಮಾಡಲು ಮಧ್ಯಂತರ ಆದೇಶವಾಯಿತು. ಓಸ್ವಾಲ್ಡನ ಸಾಕ್ಷಿ ಆಗಿದೆ. ಅದೇ ದಾವೆಗೆ ಸೇರಿದ ಮಣಿಪಾಲದ ಕಡೆಯ ಫುಟ್‌ಪಾತುಗಳ ವಿಚಾರಣೆ ಇನ್ನೂ ನಡೆಯುತ್ತಿದೆ. ವಾಯಿದೆಯ ದಿನ ನಳಿನಾಕ್ಷಿ ತಪ್ಪದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ.

ಕೆಲಸ ಮುಗಿದ ವಾರದಲ್ಲಿ ಒಂದು ಸಂಜೆ ಅವಳು ನೋಡಲು ಹೋದಳು. ಪೆಟ್ಟಿಗೆ ಇರಲಿಲ್ಲ. ಹೊಸ ಕಲ್ಲು ಹಾಸಿ, ಅಂಚನ್ನು ಕತ್ತರಿಸಿ, ಓಣಿಯ ಕಡೆಗೆ ಹಿತವಾದ ಇಳಿಜಾರು ಮಾಡಿದ್ದರು. ಅವಳು ಬೇಕರಿಯ ಮೆಟ್ಟಿಲ ಬಳಿ ನಿಂತಳು. ಕೆಲಸ ಬಿಟ್ಟ ಜನ ಬರತೊಡಗಿದ್ದರು. ಚೀಲ ಹಿಡಿದ ಹೆಂಗಸೊಬ್ಬಳು ಬೇಕರಿಯ ಎದುರಿಗೆ ಬಂದವಳು, ಫುಟ್‌ಪಾತಿನಿಂದ ರಸ್ತೆಗಿಳಿದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಮೇಲೆ ಹತ್ತಿ ಹೋದಳು. ಅವಳ ಹಿಂದೆ ಬಂದವನೂ ಫೋನು ನೋಡುತ್ತಲೇ ಅಲ್ಲಿ ಇಳಿದು, ಹತ್ತಿ ಹೋದ. ಆಮೇಲೆ ಬಂದ ಇಬ್ಬರು ಮಾತು ನಿಲ್ಲಿಸದೆ ಬದಿಗೆ ಸರಿದು, ನಡುವೆ ಒಂದು ಖುರ್ಚಿ ಹಿಡಿಸುವಷ್ಟು ಜಾಗ ಬಿಟ್ಟು ದಾಟಿದರು. ಹೊಸ ಕಲ್ಲಿನ ಮೇಲೆ, ಕರುಣಾಕರ ಕೂರುತ್ತಿದ್ದಲ್ಲಿ, ಏನೂ ಇರಲಿಲ್ಲ. ಕಡಲ ಕಡೆಯಿಂದ ಗಾಳಿ ಬರುತ್ತಿತ್ತು.