ಎತ್ತಿಗೆ ಹುರುಳಿ, ಹೆಂಡತಿಗೆ ಗಂಜಿ

ಕುಪ್ಪಗಡ್ಡೆಯ ಗುತ್ಯಪ್ಪನಿಗೆ ಹೆಂಡತಿ ಹುಚ್ಚಮ್ಮ ಎಂದರೆ ಪ್ರಾಣ. ಆ ಪ್ರೀತಿಯೇ ಅವಳನ್ನು ಉಪವಾಸ ಕೆಡವಿತ್ತು. ಒಲೆ ಊದಿ ಊದಿ ಅವಳಿಗೆ ಗೂರಲು, ಅಂದರೆ ಉಬ್ಬಸ, ಹಿಡಿದು ವರ್ಷಗಳಾಗಿದ್ದವು. ಜಿಡ್ಡು ತಿಂದರೆ ಕಫ ಕಟ್ಟುತ್ತದೆ ಎಂದು ಯಾರೋ ಹೇಳಿದ್ದೇ ತಡ, ಗುತ್ಯಪ್ಪ ಹಾಲು, ತುಪ್ಪ, ಮೊಟ್ಟೆ ಎಲ್ಲ ಬಿಡಿಸಿ ತೆಳು ಗಂಜಿಯ ಪಥ್ಯ ಹಿಡಿಸಿದ. ಪಾಪ, ತಾನೇ ಎದುರು ಕೂತು ಕುಡಿಸುತ್ತಿದ್ದ.

ಒಂದು ಬೆಳಿಗ್ಗೆ ಹುಚ್ಚಮ್ಮ ಕೈ ತೊಳೆಯುವಾಗ ಗಾಜಿನ ಬಳೆಯೊಂದು ತಾನಾಗಿ ಜಾರಿ ಕಲ್ಲಿಗೆ ಬಿದ್ದು ಒಡೆಯಿತು. ಅವಳ ಕೈ ಅಷ್ಟು ಸೊರಗಿತ್ತು. ಇವಳು ನನ್ನ ಕೈತಪ್ಪಿ ಹೋಗುತ್ತಾಳೇನೋ ಎಂದು ಗುತ್ಯಪ್ಪನಿಗೆ ಭಯವಾಯಿತು.

ಆಸ್ಪತ್ರೆಯ ನರ್ಸ್ ನಿರ್ಮಲಮ್ಮ ಹುಚ್ಚಮ್ಮನನ್ನು ನೋಡಲು ಬಂದಾಗ ಅವನು ಕೊಟ್ಟಿಗೆಗೆ ಬೇಯಿಸಿದ ಹುರುಳಿ ಒಯ್ಯುತ್ತಿದ್ದ.

"ಎತ್ತಿಗೆ ಹುರುಳಿ ಯಾಕ್ರೀ ಗುತ್ಯಪ್ಪ, ಹುಲ್ಲು ಸಾಲಲ್ವಾ?"

"ಹೂಟಿ ಕಾಲ ಅಲ್ವಾ ಅಮ್ಮ. ಬರೀ ಹುಲ್ಲು ತಿಂದು ನೊಗ ಎಳೀತಾವಾ?"

"ಹುಚ್ಚಮ್ಮಾರೂ ನೊಗ ಎಳೀತಾನೇ ಇದ್ದಾರೆ. ಗೂರಲಿನೋರಿಗೆ ಒಂದೊಂದು ಉಸಿರೂ ಹೂಟಿನೇ. ಆ ಮೈಗೆ ಗಂಜಿ ತಿಳಿ ಸಾಕಾ?"

ಗುತ್ಯಪ್ಪ ಬುಟ್ಟಿ ಕೆಳಗಿಟ್ಟ. "ತುಪ್ಪ ಕೊಟ್ರೆ ಕಫ ಆಗಲ್ವಾ?"

"ಊಟ ಇಲ್ದೆ ಮೈ ಸೊರಗಿದ್ರೆ ಇರೋ ಕಫ ಕೆಮ್ಮಿ ಹಾಕೋಕೂ ಶಕ್ತಿ ಇರಲ್ಲ ಕಣ್ರೀ."

"ಹೊಟ್ಟೆ ತುಂಬ ಉಂಡ್ರೆ ನಂಗೆ ಉಸಿರೇ ಸಿಗಲ್ಲ ನರ್ಸಮ್ಮ," ಎಂದಳು ಹುಚ್ಚಮ್ಮ.

"ಅದಕ್ಕೇ ಸ್ವಲ್ಪ ಸ್ವಲ್ಪ, ಆಗಾಗ ಉಣ್ಣಿ. ಮೊದ್ಲು ಸುಧಾರಿಸ್ಕೊಂಡು, ನೆಟ್ಟಗೆ ಕೂತು, ನಿಧಾನಕ್ಕೆ. ಮೆತ್ತಗಿನ ಅನ್ನ, ಹೆಸರುಬೇಳೆ, ಮೇಲೆ ತುಪ್ಪ. ನಡುವೆ ಮೊಟ್ಟೆನೋ ಹಾಲೋ ಬಾಳೆಹಣ್ಣೋ. ಒಲೆ ಹೊಗೆ ಹತ್ರ ಮಾತ್ರ ಹೋಗ್ಬೇಡಿ."

"ಹಂಗಾದ್ರೆ ಒಲೆ ಊದೋರ್ಯಾರು?" ಎಂದು ಅವಳು ಗಂಡನ ಕಡೆ ನೋಡಿ ನಕ್ಕಳು.

ಗುತ್ಯಪ್ಪ ಊದುಗೊಳವೆ ಕೈಗೆ ತೆಗೆದುಕೊಂಡ. ಮೊದಲ ದಿನ ಅನ್ನ ಸೀದಿತು. ತುಪ್ಪವಂತೂ ಧಾರಾಳವಾಗಿತ್ತು.

ಗೂರಲು ಪೂರ್ತಿ ಹೋಗಲಿಲ್ಲ, ನಿಜ. ಆದರೆ ಸುಗ್ಗಿಯ ಹೊತ್ತಿಗೆ ಹುಚ್ಚಮ್ಮ ಬಾವಿಯವರೆಗೆ ನಡೆದು ಹೋಗಿ, ನೆರೆಯವರೊಡನೆ ಮಾತಾಡಿ ಬರುತ್ತಿದ್ದಳು. ಬಳೆಗಾರ ಬಂದಾಗ ಹಳೆಯ ಅಳತೆಯ ಬಳೆ ಅವಳ ಕೈಗೆ ಏರಲಿಲ್ಲ. ಹೊಗೆಗೆ ಕೆಂಪಾಗಿದ್ದ ಕಣ್ಣೊರೆಸಿಕೊಳ್ಳುತ್ತ ಗುತ್ಯಪ್ಪ, "ದೊಡ್ಡ ಅಳತೆದು ತೆಗಿಯಪ್ಪ," ಎಂದ.

ನಿಮ್ಮ ಮನೆಯಲ್ಲೂ ಗೂರಲಿನವರು ಇದ್ದಾರೆಯೇ? ಅವರ ಕೈಬಳೆ, ರವಿಕೆ, ಅಂಗಿ ಸಡಿಲವಾಗುತ್ತಿವೆಯೇ ನೋಡಿ. ಆಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ತೋರಿಸಿ, ಔಷಧ ಬಿಡಿಸಬೇಡಿ. ಪಥ್ಯದ ಹೆಸರಲ್ಲಿ ಉಪವಾಸ ಕೆಡವಬೇಡಿ. ದುಡಿಯುವ ಎತ್ತಿಗೆ ಹುರುಳಿ ಇಡುವ ಕೈ, ಇವತ್ತೇ ಅವರ ತಟ್ಟೆಗೂ ಒಂದು ಚಮಚ ತುಪ್ಪ ಬಡಿಸಲಿ.