ಮೊನಿರತ್ ಹಾಕಿದ ತಡೆ

ದೊಡ್ಡ ದೇಶದವರು ನಮ್ಮನ್ನು ಪಾಲುದಾರರು ಎಂದು ಕರೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಶುಕ್ರವಾರದ ವಿಡಿಯೋ ಸಭೆಯಲ್ಲಿ ಅವರ ಬ್ಯಾಂಕ್ ಮೇಲ್ವಿಚಾರಣೆಯ ಮುಖ್ಯಸ್ಥರು ಉಸಿರಿಗೊಮ್ಮೆ ಆ ಮಾತು ಆಡಿದರು. ವಿಷಯ ಇಷ್ಟೇ: ಅವರ ಬ್ಯಾಂಕೊಂದು ಮುಳುಗುತ್ತಿದೆ, ಸೋಮವಾರ ಘೋಷಣೆ. ಅಲ್ಲಿಯವರೆಗೆ ನಮ್ಮ ರಾಜಧಾನಿ ನಾಮ್ ಪೆನ್‌ನಲ್ಲಿ ಯಾರೂ ತುಟಿ ಬಿಚ್ಚಬಾರದು. ಅಷ್ಟರಲ್ಲಿ ಆ ಬ್ಯಾಂಕಿನ ಇಲ್ಲಿನ ಶಾಖೆಯ ಹಣವೆಲ್ಲ ಅವರ ಕೇಂದ್ರ ಕಚೇರಿ ಸೇರುತ್ತದೆ.

ನಮ್ಮ ದೇಶದ ಕೇಂದ್ರ ಬ್ಯಾಂಕಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಮೊನಿರತ್ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಹುದ್ದೆಯಲ್ಲಿ ಮೇಲಿನವಳು. ಮೆತ್ತಗೆ ಕೇಳಿದಳು:

"ಸೋಮವಾರ ನಿಮ್ಮ ಜನಕ್ಕೆ ದುಡ್ಡು ಸಿಕ್ಕಾಗ ನಮ್ಮೋರಿಗೂ ಸಿಗತ್ತಾ?"

"ಕಾನೂನಿನ ಕ್ರಮದಲ್ಲಿ ಸಿಗತ್ತೆ, ಮೇಡಂ."

"ಆ ಕ್ರಮದಲ್ಲಿ ನಾವು ಎಷ್ಟನೇಯೋರು?"

ಅತ್ತ ಯಾರೋ ನೀರು ಕುಡಿದರು.

ಶಾಖೆಯ ಹಣ ದೇಶ ದಾಟದಂತೆ ತಡೆಯುವ ಅಧಿಕಾರ ಅವಳಿಗಿತ್ತು. ಆದರೆ ನಮ್ಮ ರಸ್ತೆ, ಸೇತುವೆಗಳಿಗೆ ಸಾಲ ಕೊಡುವವರೂ ಅವರೇ. ತಡೆ ಹಾಕಿದರೆ ಇಲ್ಲಿನ ಠೇವಣಿದಾರರ ಹಣವೂ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ.

ಮಧ್ಯಾಹ್ನ ಊಟಕ್ಕೆ ಒರಸ್ಸೇ ಮಾರುಕಟ್ಟೆಗೆ ಹೋದೆವು. ಅಲ್ಲಿ ಹಾಯ್ ಎಂಬ ಅವಳ ಚಿಕ್ಕಮ್ಮ ಒಣಮೀನು ಮಾರುತ್ತಾಳೆ. ತಾಯಿಯಿಲ್ಲದ ಮೊನಿರತ್‌ಳನ್ನು ಸಾಕಿ ಓದಿಸಿದವಳು ಅವಳೇ. ಚಿಕ್ಕಮ್ಮನ ಗಳಿಕೆಯೆಲ್ಲ ಅದೇ ಶಾಖೆಯಲ್ಲಿತ್ತು.

"ಆ ಬ್ಯಾಂಕ್ ಸರಿಯಿಲ್ಲ ಅಂತ ಪಿಸುಪಿಸು ಅಂತಾರಲ್ಲೇ," ಎಂದು ಚಿಕ್ಕಮ್ಮ ಮನೆಯಿಂದ ತಂದ ಸಾರು ಬಡಿಸುತ್ತ ಕೇಳಿದಳು. "ನೀನು ಬ್ಯಾಂಕ್‌ಗಳನ್ನ ನೋಡ್ಕೊಳ್ಳೋ ಆಫೀಸಲ್ಲಿರೋಳು. ದುಡ್ಡು ತೆಗೀಲಾ, ಬಿಡ್ಲಾ?"

ತೆಗಿ ಎಂಬ ಒಂದು ಮಾತು ಸಾಕಿತ್ತು. ಆ ಮಾತು ಅಂಗಡಿಯಿಂದ ಅಂಗಡಿಗೆ ಹಾರಿ ಸಂಜೆಯೊಳಗೆ ಮಾರುಕಟ್ಟೆಗೆ ಮಾರುಕಟ್ಟೆಯೇ ಶಾಖೆಯ ಮುಂದೆ ನಿಲ್ಲುತ್ತಿತ್ತು. ಮುಂದೆ ನಿಂತವರಿಗೆ ದುಡ್ಡು, ಹಿಂದಿನವರಿಗೆ ಮುಚ್ಚಿದ ಬಾಗಿಲು.

"ಆಫೀಸಿನ ಮಾತು ಇಲ್ಲಿ ಬೇಡ, ಚಿಕ್ಕಮ್ಮ," ಎಂದಳು ಮೊನಿರತ್.

"ಓಹೋ, ದೊಡ್ಡ ಮೇಡಂ ಆಗ್ಬಿಟ್ಳು," ಎಂದು ಚಿಕ್ಕಮ್ಮ ನಕ್ಕು ಇನ್ನೊಂದು ಸೌಟು ಸಾರು ಹಾಕಿದಳು.

ಕಚೇರಿಗೆ ಬಂದವಳೇ ಮೊನಿರತ್ ತಡೆ ಆದೇಶಕ್ಕೆ ಸಹಿ ಹಾಕಿದಳು. ಮಂತ್ರಿಗಳ ಕಚೇರಿಯಿಂದ ಬೈಗುಳ ಬಂತು, ದೊಡ್ಡ ದೇಶದಿಂದ ಬೆದರಿಕೆ ಬಂತು. ಯಾವುದಕ್ಕೂ ಜಗ್ಗಲಿಲ್ಲ. ಆ ಹೊತ್ತು ಅವಳ ಬಗ್ಗೆ ನನಗೆ ಹೆಮ್ಮೆಯಾಯಿತು.

ಸಂಜೆ ಚಿಕ್ಕಮ್ಮ ನಮ್ಮ ಕಚೇರಿಯ ಗೇಟಿನ ಹತ್ತಿರ ಬಂದಳು. ಊಟದ ಮೇಲೆ ಮನಸ್ಸು ತಡೆಯದೆ ಬ್ಯಾಂಕಿಗೆ ಹೋಗಿದ್ದಳಂತೆ. ತಡೆ ಆದೇಶದಿಂದ ಅಷ್ಟರಲ್ಲೇ ಬಾಗಿಲಿಗೆ ಬೀಗ ಬಿದ್ದಿತ್ತು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಈಗ ಹಣ ಇಲ್ಲೇ ಉಳಿಯತ್ತೆ, ಚಿಕ್ಕಮ್ಮ. ತಡ ಆಗತ್ತೆ, ಆದ್ರೆ ಮಾರ್ಕೆಟ್‌ನೋರಿಗೆಲ್ಲ ಸಿಗತ್ತೆ."

"ನಿನ್ನ ಸಾಕಿದ್ದು ಮಾರ್ಕೆಟ್‌ನೋರಲ್ಲ ಕಣೇ."

ಬೈಯಲಿಲ್ಲ, ಅಳಲಿಲ್ಲ. ರಸ್ತೆ ದಾಟಿ ಹೊರಟುಹೋದಳು. ಮೊನಿರತ್ ಗೇಟಿನ ಕಂಬಿ ಹಿಡಿದು ಅಲ್ಲೇ ನಿಂತಳು. ಒಳಗೆ ದೊಡ್ಡ ದೇಶದವರ ಫೋನು ಬಡಿದುಕೊಳ್ಳುತ್ತಿತ್ತು. ಅವಳನ್ನು ಕರೆಯಲು ಮನಸ್ಸಾಗದೆ ನಾನೇ ಹೋಗಿ ಎತ್ತಿಕೊಂಡೆ.